ಕಿವಿಯ ತುದಿ ಮುಟ್ಟದ ಕಹಿ

ಮೊಲದ ಮೂಗನ್ನು ಗಮನಿಸಿ ನೋಡಿದ್ದೀರಾ, ಮಕ್ಕಳೇ? ಅದು ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಏನನ್ನೋ ಬಹಳ ಎಚ್ಚರಿಕೆಯಿಂದ ಪರೀಕ್ಷಿಸುತ್ತಿರುವ ಹಾಗೆ ಅಲುಗುತ್ತಲೇ ಇರುತ್ತದೆ. ಆದರೆ ಪರೀಕ್ಷಿಸುವ ಹಾಗೆ ಕಾಣುವುದೇ ಬೇರೆ, ಪರೀಕ್ಷಿಸುವುದೇ ಬೇರೆ. ಈ ವ್ಯತ್ಯಾಸ ತಿಳಿಯದೆ ಒಂದು ಜಿಂಕೆಮರಿಯ ಪ್ರಾಣವೇ ಹೋಗುವುದರಲ್ಲಿತ್ತು. ಆ ಕತೆ ಹೇಳುತ್ತೇನೆ. ನೆಟ್ಟಗೆ ಕುಳಿತು ಕೇಳಿ.

ಒಂದು ಕಾಡಿನ ಕೆರೆಯ ದಡದಲ್ಲಿ ದೊಡ್ಡದೊಂದು ಮತ್ತಿಮರವಿತ್ತು. ಅದರ ಪೊಟರೆಯೇ ಆ ಕಾಡಿನ ಔಷಧಾಲಯ. ಮಳೆ ಹಿಡಿದರೆ ಅಲ್ಲಿ ಚಳಿಜ್ವರ ತಪ್ಪಿದ್ದಲ್ಲ. ಜ್ವರಕ್ಕೆ ಅಲ್ಲಿನ ಪ್ರಾಣಿಗಳಿಗೆ ಗೊತ್ತಿದ್ದ ಮದ್ದು ನೆಲಬೇವಿನ ಕಷಾಯ ಒಂದೇ. ಹಾಗಾಗಿ ಬೇಸಿಗೆ ಮುಗಿಯುವುದರೊಳಗೆ ಎಲ್ಲರೂ ನೆಲಬೇವು ಕಿತ್ತು, ನೆರಳಿನಲ್ಲಿ ಒಣಗಿಸಿ, ಕಟ್ಟು ಕಟ್ಟಿ ತಂದು ಪೊಟರೆಗೆ ಕೊಡಬೇಕಿತ್ತು. ಕಷಾಯ ಕಾಯಿಸುವವಳು ಕರಿಯಜ್ಜಿ ಎಂಬ ಮುದಿ ಕರಡಿ.

ಕರಿಯಜ್ಜಿ ಒಂದು ನಿಯಮ ಮಾಡಿದ್ದಳು. ಬಂದ ಕಟ್ಟನ್ನು ಬಿಚ್ಚಬೇಕು, ಮೂಸಬೇಕು, ನಡುವಿನಿಂದ ಒಂದು ಎಲೆ ಎಳೆದು ಅಗಿಯಬೇಕು. "ಕಹಿ ಕಿವಿಯ ತುದಿ ಮುಟ್ಟಿದರೆ ಒಳಗಿಡಿ. ಮುಟ್ಟದಿದ್ದರೆ ಗುಂಡಿಗೆ ಎಸೆಯಿರಿ" ಎನ್ನುತ್ತಿದ್ದಳು. ಅವಳಿಗೇನು, ಕರಡಿಯ ಕಿವಿ ಗಿಡ್ಡ.

ವಯಸ್ಸಾಗಿ ಅಜ್ಜಿಯ ನಾಲಿಗೆಗೆ ರುಚಿ ತಿಳಿಯದಂತಾಯಿತು. ಪರೀಕ್ಷೆಯ ಕೆಲಸಕ್ಕೆ ಬೇರೆ ಯಾರನ್ನಾದರೂ ನೇಮಿಸಬೇಕಾಯಿತು. ಎಲ್ಲರೂ ಒಂದೇ ಬಾಯಿಂದ ಮೊಲದ ಹೆಸರು ಹೇಳಿದರು. ಮೊಲದ ಹೆಸರು ಸಂಪಣ್ಣ. ಮೂಗು ಚುರುಕು, ಮಾತು ಮೃದು, ಯಾರ ಮನಸ್ಸನ್ನೂ ನೋಯಿಸಿದವನಲ್ಲ. ಆ ಕೊನೆಯ ಗುಣವೇ ಈ ಕೆಲಸಕ್ಕೆ ಒಗ್ಗದ ಗುಣ ಎಂದು ಯಾರಿಗೂ ಹೊಳೆಯಲಿಲ್ಲ.

ಮೊದಲು ಬಂದವನು ಕಾಡುಹಂದಿ ದುಂಡಪ್ಪ. ಅವನ ಕಟ್ಟಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇದೇನು ದುಂಡಪ್ಪಮಾವ, ಇನ್ನೂ ಒದ್ದೆಯಾಗಿದೆಯಲ್ಲ?"

"ಒಣಗಿಸಿಯೇ ಹೊರಟಿದ್ದೆ ಕಣಪ್ಪ. ದಾರಿಯಲ್ಲಿ ಒಳ್ಳೆಯ ಕೆಸರು ಸಿಕ್ಕಿತು. ಒಂದೇ ಒಂದು ಸಲ ಹೊರಳಿದೆ. ಕಟ್ಟು ಬೆನ್ನ ಮೇಲಿರುವುದು ಮರೆತೇಹೋಗಿತ್ತು."

"ಆದರೂ ಮಾವ..."

"ಹೋದ ವರ್ಷ ನಿನ್ನ ಮನೆಗೆ ನೀರು ನುಗ್ಗಿದಾಗ ಬದು ಹಾಕಿಕೊಟ್ಟವನು ಯಾರು, ಹೇಳು ನೋಡೋಣ."

ಸಂಪಣ್ಣ ತಲೆ ತಗ್ಗಿಸಿದ. ಎದುರಿಗೆ ನಿಂತವರ ಮುಂದೆಯೇ ಕಟ್ಟು ಬಿಚ್ಚಿ ಎಲೆ ಅಗಿದರೆ ಅವರನ್ನು ಕಳ್ಳರೆಂದು ಕರೆದ ಹಾಗಾಗುತ್ತದೆ ಎಂದು ಅವನಿಗೆ ಅಳುಕು. ಮೇಲ್ಮೇಲೆ ಮೂಸಿ, "ನಡೆಯುತ್ತದೆ ಬಿಡಿ ಮಾವ" ಎಂದ.

ಆಮೇಲೆ ನವಿಲು ಚಿತ್ತಯ್ಯ ಬಂದ. ಅವನ ಕಟ್ಟಿಗೆ ಹೂವಿನ ಬಳ್ಳಿ ಸುತ್ತಿತ್ತು, ಮೇಲೊಂದು ಗರಿ ಸಿಕ್ಕಿಸಿತ್ತು. ಒಳಗಿದ್ದದ್ದು ಯಾವ ಕಾಲದ್ದೋ, ಮುಟ್ಟಿದರೆ ಪುಡಿ.

"ಹೇಗಿದೆ ಕಟ್ಟು?" ಎಂದ ಚಿತ್ತಯ್ಯ.

"ಕಟ್ಟೇನೋ ಬಹಳ ಚೆನ್ನಾಗಿದೆ, ಚಿತ್ತಯ್ಯನವರೇ."

ಅದು ಸುಳ್ಳಲ್ಲ. ಕಟ್ಟು ಚೆನ್ನಾಗಿಯೇ ಇತ್ತು. ಅದೂ ಒಳಗೆ ಹೋಯಿತು.

ಕೋತಿ ಕೋಡಣ್ಣನಿಗೆ ನೆಲಬೇವು ಬೆಳೆಯುವ ಗುಡ್ಡದವರೆಗೆ ಹೋಗುವ ವ್ಯವಧಾನವೇ ಇರಲಿಲ್ಲ. ಮರದ ಬುಡದಲ್ಲಿ ಅದೇ ಥರ ಕಾಣುವ ಯಾವುದೋ ಕಳೆಗಿಡವನ್ನು ಕಿತ್ತು ತಂದಿದ್ದ. "ಎಲೆ ಹಸಿರು, ಹೂ ಬಿಳಿ. ಇನ್ನೇನು ಬೇಕು ನಿನಗೆ?" ಎಂದು ಮೊಲದ ಹೆಗಲ ಮೇಲೆ ಕೈ ಹಾಕಿದ. ಹೆಗಲ ಮೇಲೆ ಕೈ ಇಟ್ಟವನಿಗೆ ಇಲ್ಲ ಎನ್ನುವುದು ಹೇಗೆ? "ನಡೆಯುತ್ತದೆ ಬಿಡು."

ಕೊನೆಗೆ ಬಂದವಳು ಮುಂಗುಸಿ ಕೆಂಚವ್ವ. ಅವಳ ನಾಲಿಗೆ ಹರಿತ. ಹಿಂದಿನ ವಾರವಷ್ಟೇ ಕೆರೆಯ ಹತ್ತಿರ ಎಲ್ಲರೆದುರು ಹೇಳಿದ್ದಳು: "ಸಂಪಣ್ಣನ ಮೂಗಿಗಿಂತ ಅವನ ತಲೆಯೇ ಹೆಚ್ಚು ಅಲ್ಲಾಡುತ್ತದೆ. ಯಾರು ಏನೆಂದರೂ ಹೂಂ." ಸಂಪಣ್ಣ ಅದನ್ನು ಮರೆತಿರಲಿಲ್ಲ.

"ಬೇಗ ನೋಡು, ನನಗೆ ಕೆಲಸವಿದೆ" ಎಂದು ಕೆಂಚವ್ವ ಕಟ್ಟು ಕುಕ್ಕಿದಳು.

ಅಂದು ನೀವು ಸಂಪಣ್ಣನ ಶಿಸ್ತು ನೋಡಬೇಕಿತ್ತು. ಕಟ್ಟನ್ನು ಪೂರ್ತಿ ಬಿಚ್ಚಿದ. ಒಂದೊಂದೇ ಕಡ್ಡಿಯನ್ನು ಬಿಸಿಲಿಗೆ ಹಿಡಿದ. ತಿರುವಿ ಮುರುವಿ ನೋಡಿದ, ಕೊನೆಗೊಂದು ಎಲೆ ಎತ್ತಿ ತೋರಿಸಿದ. ಅದರ ಅಂಚು ಕಂದಿತ್ತು.

"ಇದು ನಡೆಯುವುದಿಲ್ಲ. ಮದ್ದಿನ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು."

"ಅಗಿದು ನೋಡಿದೆಯಾ?"

"ಅಗಿಯುವ ಅಗತ್ಯವಿಲ್ಲ."

ಕೆಂಚವ್ವ ಕಡ್ಡಿಗಳನ್ನೆಲ್ಲ ಆರಿಸಿ ಮತ್ತೆ ಕಟ್ಟಿಕೊಂಡು, ತಾನಿದ್ದ ಹುತ್ತಕ್ಕೆ ಒಯ್ದು ಬೆಚ್ಚಗೆ ಇಟ್ಟಳು.

ಮಳೆ ಬಂತು. ಹಿಂದೆಯೇ ಜ್ವರವೂ ಬಂತು. ಮೊದಲು ಮಲಗಿದ್ದು ಜಿಂಕೆ ಚುಕ್ಕಮ್ಮನ ಮರಿ. ಕರಿಯಜ್ಜಿ ಕಷಾಯ ಕಾಯಿಸಿ ಕೊಟ್ಟಳು. ಮರಿ ಮುಖ ಸಿಂಡರಿಸದೆ ಗಟಗಟ ಕುಡಿಯಿತು. "ಅಜ್ಜಿ, ನಿಮ್ಮ ಕಷಾಯ ಈ ಸಲ ಚೂರೂ ಕಹಿಯಿಲ್ಲ" ಎಂದಿತು. ಎಲ್ಲರಿಗೂ ಸಂತೋಷವಾಯಿತು. ಮದ್ದು ರುಚಿಯಾಗಿದೆ ಎಂದರೆ ಯಾರಿಗೆ ತಾನೇ ಸಂತೋಷವಾಗುವುದಿಲ್ಲ? ನಾನು ಅಲ್ಲಿದ್ದಿದ್ದರೆ ಆಗಲೇ ಹೆದರುತ್ತಿದ್ದೆ.

ಜ್ವರ ಇಳಿಯಲಿಲ್ಲ. ಅಜ್ಜಿ ಇನ್ನೊಮ್ಮೆ ಕಾಯಿಸಿದಳು, ಮತ್ತಷ್ಟು ಬತ್ತಿಸಿದಳು. ಮರಿ ಕಣ್ಣು ತೆರೆಯುವುದನ್ನೇ ನಿಲ್ಲಿಸಿತು.

"ಅಜ್ಜಿಯ ಕೈಗುಣ ಹೋಯಿತು" ಎಂದ ಕೋತಿ ಕೋಡಣ್ಣ.

"ವಯಸ್ಸಾಯಿತಲ್ಲ ಪಾಪ" ಎಂದ ದುಂಡಪ್ಪ.

ಕರಿಯಜ್ಜಿ ತನ್ನ ಎರಡು ಅಂಗೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಸಂಪಣ್ಣ ಅಲ್ಲೇ ಹುಲ್ಲು ಮೇಯುತ್ತಿದ್ದ. ಪೊಟರೆಗೆ ಬೆನ್ನು ಹಾಕಿ ಮೇಯುತ್ತಲೇ ಇದ್ದ.

ಮರುದಿನ ಸಂಪಣ್ಣನಿಗೇ ಜ್ವರ ಬಂತು. ಜೊತೆಗೆ ನೆಗಡಿ. ಕರಿಯಜ್ಜಿ ಕಷಾಯದ ಕರಟ ಹಿಡಿದು ಬಂದಳು. ಮರಿಗೆ ಇನ್ನೊಂದು ಗುಟುಕು ಕೇಳಲು ಚುಕ್ಕಮ್ಮನೂ ಅವಳ ಹಿಂದೆಯೇ ಬಂದಿದ್ದಳು.

"ಕುಡಿಯಪ್ಪ, ಬಿಸಿಯಾಗಿದೆ."

"ಬೇಡ ಅಜ್ಜಿ. ತಾನಾಗಿಯೇ ಹೋಗುತ್ತದೆ."

"ಚಳಿಜ್ವರ ತಾನಾಗಿಯೇ ಹೋಗುವುದೇ? ಬಾಯಿ ತೆಗಿ."

"ನನಗೆ... ನನಗೆ ಕಷಾಯ ಸೇರುವುದಿಲ್ಲ."

ಚುಕ್ಕಮ್ಮ ಮುಂದೆ ಬಂದಳು. ಅವಳ ದನಿ ಏರಲಿಲ್ಲ. "ಪೊಟರೆಯೊಳಗೆ ಏನಿದೆ ಎಂದು ಬಲ್ಲವನು ನೀನೊಬ್ಬನೇ, ಸಂಪಣ್ಣ. ನೀನೇ ಕುಡಿಯಲು ಒಲ್ಲೆ ಎನ್ನುತ್ತೀಯ. ನನ್ನ ಮಗುವಿಗೆ ಏನು ಕುಡಿಸಿದ್ದೇನೆ ನಾನು?"

ಸಂಪಣ್ಣನಿಗೆ ಆ ಮುಖ ನೋಡಲಾಗಲಿಲ್ಲ. ಕಟ್ಟು ತಂದವರ ಮುಖಗಳನ್ನೆಲ್ಲ ಅಷ್ಟು ಚೆನ್ನಾಗಿ ನೋಡಿದ್ದನಲ್ಲ, ಕಷಾಯ ಕುಡಿಯುವವರಿಗೂ ಒಂದು ಮುಖವಿರುತ್ತದೆ ಎಂಬುದು ಅವನ ನೆನಪಿಗೇ ಬಂದಿರಲಿಲ್ಲ.

"ಅಜ್ಜಿಯ ಕೈಯಲ್ಲಿ ತಪ್ಪಿಲ್ಲ" ಎಂದ. "ನಾನು ಯಾವ ಕಟ್ಟನ್ನೂ ಅಗಿದು ನೋಡಲಿಲ್ಲ."

ನಡುಗುತ್ತಲೇ ಎದ್ದು ಪೊಟರೆಗೆ ಹೋದ. ಮೂಸಿ ಆರಿಸೋಣವೆಂದರೆ ನೆಗಡಿಯಿಂದ ಮೂಗು ಕಟ್ಟಿತ್ತು. ಉಳಿದದ್ದು ಒಂದೇ ದಾರಿ. ದುಂಡಪ್ಪನ ಕಟ್ಟು ಬಿಚ್ಚಿದ, ನಡುವೆಲ್ಲ ಬೂಷ್ಟು ಹಿಡಿದಿತ್ತು. ಅಗಿದ, ಉಗಿದ. ಚಿತ್ತಯ್ಯನದು ಬೂದಿ ತಿಂದ ಹಾಗಿತ್ತು. ಕೋಡಣ್ಣನ ಎಲೆ ಸಪ್ಪೆ, ಜೊತೆಗೆ ನಾಲಿಗೆಯ ಮೇಲೆ ತುರಿಕೆ. ಉಳಿದವನ್ನೂ ಬಿಡಲಿಲ್ಲ. ಕಿವಿಯ ತುದಿಯಿರಲಿ, ಕಹಿ ಗಂಟಲನ್ನೂ ಮುಟ್ಟಲಿಲ್ಲ.

ಪೊಟರೆಯಿಂದ ಇಳಿದವನು ನೇರವಾಗಿ ಹುತ್ತದ ಕಡೆ ನಡೆದ. ಚುಕ್ಕಮ್ಮನೂ ಕರಿಯಜ್ಜಿಯೂ ಹಿಂದೆಯೇ ಹೋದರು.

ಕೆಂಚವ್ವ ಬಾಗಿಲಲ್ಲೇ ಕುಳಿತಿದ್ದಳು. "ಓಹೋ, ಕಟ್ಟುನಿಟ್ಟಿನ ಸಾಹೇಬರು. ಏನು ಇಷ್ಟು ದೂರ?"

"ನಿಮ್ಮ ನೆಲಬೇವು ಬೇಕಿತ್ತು, ಕೆಂಚವ್ವ."

"ಅದರಲ್ಲಿ ಕಂದಿದ ಎಲೆ ಇದೆಯಂತಲ್ಲ."

"ಇರಲಿ, ಕೊಡಿ. ಮರಿಗೆ ಜ್ವರ ಬಹಳ ಜೋರಾಗಿದೆ."

"ಮರಿಗೆಂದರೆ ಈಗಲೇ ಒಯ್ಯಿ. ಆದರೆ 'ಇರಲಿ' ಎಂದು ಒಯ್ಯಬೇಡ. ಅಗಿದು ನೋಡಿ ಒಯ್ಯಿ."

ಸಂಪಣ್ಣ ನಡುವಿನಿಂದ ಒಂದು ಎಲೆ ಎಳೆದು ಬಾಯಿಗೆ ಹಾಕಿಕೊಂಡ. ಮೊದಲು ಕಣ್ಣು ಮುಚ್ಚಿಕೊಂಡವು. ಆಮೇಲೆ ಮೀಸೆ ನಡುಗಿತು. ಕಹಿ ನಾಲಿಗೆಯಿಂದ ಗಂಟಲಿಗೆ, ಗಂಟಲಿಂದ ನೆತ್ತಿಗೆ ಏರಿತು. ಆ ಮೇಲೆ, ಮಕ್ಕಳೇ, ಮೊಲದ ಕಿವಿ ಎಷ್ಟು ಉದ್ದ ಎಂದು ನಿಮಗೆ ಗೊತ್ತೇ ಇದೆ. ಅಷ್ಟೂ ದೂರ ಏರಿತು. ಜ್ವರಕ್ಕೆ ಜೋಲುಬಿದ್ದಿದ್ದ ಎರಡೂ ಕಿವಿಗಳು ಕೋಲಿನ ಹಾಗೆ ನೆಟ್ಟಗೆ ನಿಂತವು.

"ಮುಟ್ಟಿತು" ಎಂದ ಕಣ್ಣೀರು ಒರೆಸಿಕೊಳ್ಳುತ್ತ.

ಕರಿಯಜ್ಜಿ ಕಾಯಿಸಿದಳು. ಮರಿ ಒಂದು ಗುಟುಕು ಕುಡಿದು ಥೂ ಎಂದಿತು, ಕಾಲು ಝಾಡಿಸಿತು, ಅಮ್ಮನನ್ನು ಬೈಯಿತು. ಚುಕ್ಕಮ್ಮ ಮೊದಲ ಸಲ ನಕ್ಕಳು. ಬೆಳಗಾಗುವ ಹೊತ್ತಿಗೆ ಮರಿಯ ಮೈ ಬೆವರಿ ಜ್ವರ ಇಳಿಯಿತು. ಸಂಪಣ್ಣನಿಗೂ ಒಂದು ಕರಟ ಸಿಕ್ಕಿತು. ಅವನು ಬೈಯದೆ ಕುಡಿದ.

ಪೊಟರೆಯಲ್ಲಿದ್ದದ್ದೆಲ್ಲ ಗುಂಡಿಗೆ ಹೋಯಿತು. ಮಳೆ ಬಿಡುವು ಕೊಟ್ಟಾಗ ಎಲ್ಲರೂ ಹೊಸ ಕಟ್ಟು ತರಬೇಕೆಂದು ಅಜ್ಜಿ ಹೇಳಿದಳು. ಪರೀಕ್ಷೆಗೆ ಮತ್ತೆ ಸಂಪಣ್ಣನನ್ನೇ ಕೂರಿಸಿದಳು. "ಕಹಿಯ ದಾರಿ ಈಗ ಅವನಿಗೆ ಗೊತ್ತು" ಎಂದಳು.

ಸಾಲಿನಲ್ಲಿ ಮೊದಲು ನಿಂತವಳು ಕೆಂಚವ್ವ. ಉಳಿದವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ಮರಿಯನ್ನೂ ಮೊಲವನ್ನೂ ಉಳಿಸಿದವಳ ಕಟ್ಟನ್ನು ಇವನೆಲ್ಲಿ ಬಿಚ್ಚುತ್ತಾನೆ ಎಂದು ದುಂಡಪ್ಪ ಗೊಣಗಿದ.

ಸಂಪಣ್ಣ ಕಟ್ಟು ಬಿಚ್ಚಿದ. ಮೂಸಿದ. ನಡುವಿನ ಎಲೆ ಅಗಿದ. ಕಹಿ ಚೆನ್ನಾಗಿಯೇ ಏರಿತು. ಆದರೆ ಬುಡದ ಕಡ್ಡಿಗಳನ್ನು ಬಗ್ಗಿಸಿದರೆ ಮುರಿಯಲಿಲ್ಲ, ಬಾಗಿದವು. ಹಸಿ ಇನ್ನೂ ಆರಿರಲಿಲ್ಲ.

ಅವನ ಮೂಗು ಬಹಳ ಹೊತ್ತು ಅಲುಗಿತು.

"ಕೆಂಚವ್ವ, ನಿಮ್ಮ ಉಪಕಾರ ನಾನು ಬದುಕಿರುವವರೆಗೂ ಮರೆಯುವುದಿಲ್ಲ" ಎಂದ. "ಇದನ್ನು ಇನ್ನೂ ಒಣಗಿಸಿ ತನ್ನಿ. ಹೀಗೇ ಇಟ್ಟರೆ ಬೂಷ್ಟು ಬರುತ್ತದೆ."

ಕೆಂಚವ್ವನ ಬಾಲ ಉಬ್ಬಿತು. ಅವಳು ತಾನೇ ಒಂದು ಕಡ್ಡಿ ತೆಗೆದು ಬಗ್ಗಿಸಿ ನೋಡಿದಳು. ಅದು ಬಾಗಿತು.

"ತಲೆ ಅಡ್ಡಡ್ಡವಾಗಿಯೂ ಅಲ್ಲಾಡುತ್ತದೆ, ಪರವಾಗಿಲ್ಲ" ಎಂದು ಕಟ್ಟು ಎತ್ತಿಕೊಂಡು ನಡೆದಳು.

ಅವಳ ಹಿಂದೆ ನಿಂತಿದ್ದ ದುಂಡಪ್ಪ ತನ್ನ ಕಟ್ಟನ್ನೊಮ್ಮೆ ನೋಡಿಕೊಂಡ. ಯಾರೂ ಏನೂ ಹೇಳುವ ಮೊದಲೇ ಸಾಲಿನಿಂದ ಮೆಲ್ಲಗೆ ಜಾರಿದ.

ನೀತಿ: ಮದ್ದನ್ನು ಪರೀಕ್ಷಿಸುವವನು ಅದನ್ನು ತಂದವರ ಮುಖ ನೋಡಬಾರದು, ಅದನ್ನು ಕುಡಿಯುವವರ ಮುಖ ನೆನೆಯಬೇಕು.