ನಿಲ್ಲವ್ವನ ತಗ್ಗು

ಕರಿಮಟ್ಟಿ ಊರಿನ ಬಡಗಣ ಗುಡ್ಡವನ್ನು ಈಗ ನೋಡಿದವರಿಗೆ ಅದರ ಹೊಟ್ಟೆಯಲ್ಲಿ ಬೆಂಕಿಯಿತ್ತೆಂದರೆ ನಗು ಬರುತ್ತದೆ. ಇಳಿಜಾರಿನ ತಗ್ಗಿನಲ್ಲಿ ಆಡುಗಳು ಮೇಯುತ್ತವೆ. ನಡುವೆ ನಿಲ್ಲವ್ವನ ಗುಡಿ, ಸುತ್ತಲೂ ತೂತುತೂತಾದ ಕರಿಗಲ್ಲು. ಕುದಿದು ಹರಿದ ಕಲ್ಲು ಆರುವಾಗ ಒಳಗಿನ ಗಾಳಿ ಬಿಟ್ಟುಹೋದ ತೂತುಗಳವು. ಹಿಂದೆ ಒಮ್ಮೆ ಈ ಗುಡ್ಡ ಉಸಿರಾಡುತ್ತಿತ್ತು ಎನ್ನುತ್ತಾರೆ. ನೆತ್ತಿಯಲ್ಲಿ ಹೊಗೆ, ಬುಡದಲ್ಲಿ ಬಿಸಿನೀರಿನ ಒರತೆ. ಅದು ಉಗುಳಿದ ಬೂದಿ ಬಿದ್ದ ಹೊಲದಲ್ಲಿ ಜೋಳ ಆಳೆತ್ತರ ಬೆಳೆಯುತ್ತಿತ್ತು. ಹಾಲು ಕೊಡುವ ಎಮ್ಮೆಯ ಒದೆ ತಿಂದಂತೆ, ಜನ ಅದರ ಗುಡುಗನ್ನೂ ಸಹಿಸಿಕೊಂಡು ಅಲ್ಲೇ ಬೇರುಬಿಟ್ಟಿದ್ದರು.

ಒಂದು ವರ್ಷ ನೆಲ ನಡುಗಿತು. ತಗ್ಗಿಗಿಳಿದ ಕುರಿಮರಿಗಳು ಮಲಗಿದಲ್ಲೇ ಸತ್ತವು. ಗುಡ್ಡ ಮುನಿದಿದೆ, ಊರೆಲ್ಲ ತಗ್ಗಿನಲ್ಲಿ ಅಡ್ಡಬಿದ್ದು ತಪ್ಪು ಒಪ್ಪಿಸಬೇಕೆಂದು ಪೂಜಾರಿ ಬಿಜ್ಜಪ್ಪ ಹೇಳಿದ. ಜನ ಹೋದರು. ನೆಲಕ್ಕಿಟ್ಟ ದೀಪ ಹಚ್ಚಿದಷ್ಟು ಸಲ ಆರಿತು. ಪೂಜಾರಿ ಎತ್ತಿ ಹಿಡಿದ ಪಂಜು ಮಾತ್ರ ಚೆನ್ನಾಗಿಯೇ ಉರಿಯುತ್ತಿತ್ತು. ಗುಡ್ಡ ಬಿಟ್ಟ ವಿಷಗಾಳಿ ಭಾರವಾದದ್ದು, ನೀರಿನ ಹಾಗೆ ತಗ್ಗಿನಲ್ಲಿ ಮೊಣಕಾಲುದ್ದ ನಿಂತಿರುತ್ತದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಮುಂದಿನವರು ಅಡ್ಡಬಿದ್ದರು, ಏಳಲಿಲ್ಲ. ಎಂಥ ಭಕ್ತಿಯೆಂದು ಹಿಂದಿನವರು ಕೈಮುಗಿದರು. ಮನುಷ್ಯರ ಬುದ್ಧಿಗೆ ಏನೆನ್ನಬೇಕೋ!

ಕುರಿ ಕಾಯುವ ಕೆಂಚವ್ವನ ಒಂದು ಮೊಣಕಾಲು ಹಿಂದೊಮ್ಮೆ ಮುರಿದು ಕೂಡಿಕೊಂಡಿತ್ತು, ಮಡಚುತ್ತಿರಲಿಲ್ಲ. ಮುಂದಿನವರಲ್ಲಿ ಅವಳೊಬ್ಬಳು ಕೋಲೂರಿ ನಿಂತಿದ್ದಳು. ಇವಳು ಬಾಗದ್ದಕ್ಕೇ ದೀಪ ಉಳಿಯುತ್ತಿಲ್ಲವೆಂದು ಪೂಜಾರಿ ಎಲ್ಲರೆದುರು ಬೈದ. ತಾಯಿಗಾದ ಅವಮಾನ ಮಗಳು ಸಿದ್ದವ್ವನಿಗೆ ತಡೆಯಲಾಗಲಿಲ್ಲ. ತಾಯಿಯ ಪಾಲಿನದನ್ನೂ ಸೇರಿಸಿ ತಾನೇ ಅಡ್ಡಬೀಳುತ್ತೇನೆಂದು ಮುಂದೆ ಹೋದಳು. ಅಷ್ಟರಲ್ಲಿ ಕೆಂಚವ್ವ ಮಲಗಿದವರ ಬೆನ್ನುಗಳನ್ನು ನೋಡಿದ್ದಳು. ಒಂದು ಬೆನ್ನೂ ಏರಿಳಿಯುತ್ತಿರಲಿಲ್ಲ.

"ನಿಲ್ಲವ್ವಾ, ಬಾಗಬ್ಯಾಡ. ನಿಲ್ಲು," ಎಂದು ಕೂಗಿದಳು.

"ನಿನ್ನ ಸಲುವಾಗೇ ಯವ್ವಾ," ಎಂದು ಮಗಳು ಹಣೆಯನ್ನು ನೆಲಕ್ಕೆ ಹಚ್ಚಿದಳು.

ಕೆಂಚವ್ವ ಕೋಲು ಚಾಚಿದಳು, ಕೈ ಚಾಚಿದಳು. ಬೆರಳಿಗೆ ಮಗಳ ಹೆರಳು ತಾಗಿತು, ಹಿಡಿತಕ್ಕೆ ಬರಲಿಲ್ಲ. ಆಮೇಲೆ ಅವಳು ನಿಂತಿದ್ದವರನ್ನೆಲ್ಲ ಅದೇ ಕೋಲಿನಿಂದ ಬಡಿಬಡಿದು, ನಿಲ್ಲವ್ವಾ ನಿಲ್ಲವ್ವಾ ಎಂದು ಅಳುತ್ತಲೇ ತಗ್ಗಿನಿಂದ ಮೇಲಕ್ಕೆ ಅಟ್ಟಿದಳು. ಊರು ಉಳಿದದ್ದು ಹೀಗೆ. ಮುಂದೆ ಅಲ್ಲಿ ಗುಡಿಯಾದಾಗ ಆ ಕೂಗೇ ದೇವಿಯ ಹೆಸರಾಯಿತು, ತಗ್ಗಿನ ಹೆಸರೂ ಆಯಿತು. ಬಾಗದ ಕಾಲು ಕೆಂಚವ್ವನನ್ನು ಬದುಕಿಸಿತ್ತು. ಆ ಕಾಲನ್ನು ಅವಳು ಸಾಯುವತನಕ ಕ್ಷಮಿಸಲಿಲ್ಲ ಎನ್ನುತ್ತಾರೆ.

ಗುಡ್ಡ ತಣ್ಣಗಾಗಿ ಎಷ್ಟೋ ತಲೆಮಾರು ಕಳೆದವು. ಇಂದಿಗೂ ನಿಲ್ಲವ್ವನ ಮುಂದೆ ಎಲ್ಲರೂ ನಿಂತೇ ಕೈಮುಗಿಯುತ್ತಾರೆ. ಗೊತ್ತಿಲ್ಲದೆ ಪರವೂರಿನ ಹುಡುಗಿ ಯಾರಾದರೂ ಬಾಗಿದರೆ, ಹಿಂದೆ ನಿಂತ ಹೆಂಗಸು, ಪರಿಚಯವಿರಲಿ ಇಲ್ಲದಿರಲಿ, ರಟ್ಟೆ ಹಿಡಿದು ಮೇಲೆತ್ತುತ್ತಾಳೆ.