ಮರಳುದಿಬ್ಬದ ಯವನರ ಕಟ್ಟೆ

ಹಗರಿ ಹೊಳೆಯ ಆಚೆ, ಗಾಳಿ ಬೀಸಿದಂತೆಲ್ಲ ಜಾಗ ಬದಲಿಸುವ ಮರಳುದಿಬ್ಬಗಳ ನಡುವೆ ನಮ್ಮ ಮರಳಿಹಾಳಿಗೆ ನೀರು ಕೊಡುವ ಕಟ್ಟೆಯಿದೆ. ನಡುವೆ ಹೊಲದಷ್ಟು ಒಣನೆಲ, ಸುತ್ತ ಚೌಕವಾಗಿ ನೀರು. ಹೀಗೇಕೆ ಎಂದು ಹೊಸಬರು ಕೇಳುತ್ತಾರೆ. ತೋಡಿದವರು ನಮ್ಮವರಲ್ಲ, ಯವನರು.

ಹಿಂದೆ ಒಮ್ಮೆ, ರೋಮಾಪುರಿಯಿಂದ ಹಡಗೇರಿ ಬಂದು ಈ ಸೀಮೆಯ ಅರಸನಲ್ಲಿ ಚಾಕರಿಗೆ ನಿಂತ ಸಿಪಾಯಿಗಳ ದಂಡೊಂದು, ಅರಸನ ದನ ಹೊಡೆದುಕೊಂಡು ಹೋದ ಕಳ್ಳರನ್ನು ಬೆನ್ನಟ್ಟಿ ಈ ಮರಳುಗಾಡಿಗೆ ಇಳಿಯಿತಂತೆ. ನಮ್ಮ ಹಿರಿಯರು ಅವರನ್ನೇ ಯವನರೆಂದದ್ದು. ದಳಪತಿಯ ಹೆಸರು ಗಾಯಸ. ಬಿಸಿಲಿಗೆ ಕಬ್ಬಿಣದ ಟೋಪಿ ಕಾದು ಮುಟ್ಟುವಂತಿರಲಿಲ್ಲ. ಸಂಜೆಗೆ ಒಂದು ಒರತೆ ಕಂಡಿತು. ಮರಳಿನ ಕೆಳಗಿನ ಜೇಡಿಮಣ್ಣಿನ ಮೇಲೆ ನಿಂತ ನೀರು. ಅದನ್ನು ಕಾಯುತ್ತಿದ್ದ ನಮ್ಮೂರ ಮುದುಕಿ ಸುಂಕವ್ವ ಎಲ್ಲರಿಗೂ ಬೊಗಸೆ ತುಂಬ ಕೊಟ್ಟಳು. ಆದರೆ ಎಲ್ಲಿ ತಂಗಿದರೂ ಸುತ್ತ ಕಂದಕ ತೋಡದೆ ಮಲಗುವ ಪದ್ಧತಿ ಯವನರಲ್ಲಿರಲಿಲ್ಲ. ಗುದ್ದಲಿ ತೆಗೆದರು. “ಯಾಕಪ್ಪಾ, ಈ ಮುದುಕಿ ಬಂದು ಕಡಿದಾಳು ಅಂತ ಹೆದರಿಕೆಯಾ? ಆಳಕ್ಕೆ ಅಗೆಯಬೇಡ. ಜೇಡಿ ಒಡೆದರೆ ಗಂಗವ್ವ ನಿಲ್ಲುವುದಿಲ್ಲ” ಎಂದಳು ಸುಂಕವ್ವ. “ಅಜ್ಜೀ, ಕಂದಕ ತೋಡುವುದನ್ನು ನಮಗೇ ಕಲಿಸುತ್ತೀಯಾ?” ಎಂದು ಗಾಯಸ ನಕ್ಕ. ಬೆಳಗಾದಾಗ ಒರತೆ ಬತ್ತಿತ್ತು. ಕಂದಕದ ತಳದಲ್ಲಿ ಒಡೆದ ಜೇಡಿಯ ಸಂದಿನಿಂದ ನೀರೆಲ್ಲ ಪಾತಾಳಕ್ಕೆ ಇಳಿದಿತ್ತು. ಬೇಸಿಗೆಗೆ ಹೊಳೆಯೂ ಬತ್ತಿ, ಊರಿಗೆ ಬೇರೆ ನೀರಿರಲಿಲ್ಲ.

ಅಷ್ಟರಲ್ಲಿ ದೂರದ ದಿಬ್ಬದ ಮೇಲೆ ದನಗಳ ಧೂಳು ಎದ್ದಿತು. “ಹೊರಡೋಣ ಒಡೆಯಾ, ಕೈಗೆ ಸಿಕ್ಕಂತೆಯೇ!” ಎಂದು ಸಿಪಾಯಿಗಳು ಅವಸರಪಟ್ಟರು. ಸುಂಕವ್ವ ಬೈಯಲಿಲ್ಲ, ಅಳಲೂ ಇಲ್ಲ. “ಹೋಗಪ್ಪಾ, ಹಿಡಿದು ತಾ. ತಂದಮೇಲೆ ದನಕ್ಕೆ ಏನು ಕುಡಿಸುತ್ತೀ?” ಎಂದಳಷ್ಟೇ. ಗಾಯಸ ಆ ಧೂಳಿಗೆ ಬೆನ್ನು ತಿರುಗಿಸಿದ. “ಅರಸನ ಸಿಟ್ಟು ನನ್ನ ತಲೆಗಿರಲಿ. ಕೆರ ಬಿಚ್ಚಿರಿ” ಎಂದ. ಮೊಳೆ ಹೊಡೆದ ಕೆರಗಳನ್ನು ಸಾಲಾಗಿ ಬಿಟ್ಟು, ಹೊಳೆದಂಡೆಯ ಜೇಡಿಯನ್ನು ಟೋಪಿಗಳಲ್ಲೇ ಹೊತ್ತು ತಂದು, ಕಂದಕಕ್ಕೆ ಸುರಿದು ಬರಿಗಾಲಲ್ಲಿ ತುಳಿದರು. “ಹಿಮ್ಮಡಿ ಊರೋ! ಮದುಮಗನ ಹಾಗೆ ನಾಜೂಕಾಗಿ ಕಾಲಿಡಬೇಡ” ಎಂದು ಸುಂಕವ್ವ ಮೇಲೆ ಕೂತು ಹಂಗಿಸುತ್ತಿದ್ದಳಂತೆ. ಸಂದು ಮುಚ್ಚಿತು. ಇಳಿಬಿಸಿಲಿಗೆ ಗಂಗವ್ವ ಕಣ್ಣು ಬಿಟ್ಟಳು. ಒರತೆ ತುಂಬಿ ಕಂದಕಕ್ಕೆ ಹರಿಯಿತು. ಆ ನೀರಿನ ವಾಸನೆ ಹಿಡಿದು, ಬಾಯಾರಿದ ದನಗಳು ಕಳ್ಳರನ್ನು ಕೊಡವಿಕೊಂಡು ತಾವಾಗಿಯೇ ತಿರುಗಿ ಓಡಿಬಂದವು ಎನ್ನುತ್ತಾರೆ.

ಅವು ನುಗ್ಗಿದ ಮೂಡಣ ಮಗ್ಗುಲು ಇಂದಿಗೂ ತಗ್ಗಾಗಿ, ಗೊರಸಿನಿಂದ ಸವೆದು ನುಣುಪಾಗಿದೆ; ಬಂದವರು ನೋಡಬಹುದು. ನಮ್ಮ ದನಗಳೂ ಅಲ್ಲಿಂದಲೇ ಇಳಿಯುತ್ತವೆ. ಅವು ಕುಡಿದು ಮೇಲೆ ಹತ್ತುವವರೆಗೆ ಮರಳಿಹಾಳಿನಲ್ಲಿ ಯಾರೂ ಕೊಡ ಅದ್ದುವುದಿಲ್ಲ.