ಗೊರವಂಕದ ಅಲಂಕಾರಜ್ಞಾನ

ಕಾಲೇಜಿನ ಇಂಗ್ಲಿಷ್ ಎಂ.ಎ. ತರಗತಿಯ ಕಿಟಕಿಗೆ ತಾಗಿದ ಬೇವಿನ ಮರದಲ್ಲಿ ಒಂದು ಗೊರವಂಕವಿತ್ತು. ಎರಡು ವರ್ಷ ತಪ್ಪದೆ ಪಾಠ ಕೇಳಿ ಅದಕ್ಕೆ ಉಪಮೆಯೆಂದರೆ ಸಿಮಿಲಿ, ರೂಪಕವೆಂದರೆ ಮೆಟಫರ್ ಎಂಬುದೆಲ್ಲ ಬಾಯಿಪಾಠವಾಗಿತ್ತು. ಯಾರು ಏನೇ ಹೇಳಲಿ, ಅದರಲ್ಲಿ ಯಾವ ಅಲಂಕಾರವಿದೆ ಎಂದು ತಿಳಿಸದೆ ಅದಕ್ಕೆ ಸಮಾಧಾನವಿರಲಿಲ್ಲ. ಕೆಳಗಿನ ಕೊಂಬೆಯ ಅಳಿಲು ಹಸಿದು "ಹೊಟ್ಟೆ ಬೆಂಕಿಯಾಗಿದೆ" ಎಂದು ಗೋಳಾಡಿದಾಗಲೂ "ಮೆಟಫರ್" ಎಂದಿತ್ತೇ ಹೊರತು ಒಂದು ಹಣ್ಣು ಕೊಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಅದು ಕಿಟಕಿಯ ಕಟ್ಟೆಯ ಮೇಲೆ ಕೂತು ಪಾಠ ಕೇಳುತ್ತಿದ್ದಾಗ ಅಳಿಲು ಚೀರಿತು: "ಗೊರವಂಕಣ್ಣ, ಹಾರು! ನಿನ್ನ ಬೆನ್ನ ಹಿಂದೆ ಸಾವು ಬಂದು ಕೂತಿದೆ!"

ಗೊರವಂಕ ತಿರುಗಿಯೂ ನೋಡಲಿಲ್ಲ. "ಸಾವು ಬರುವುದು, ಕೂರುವುದು ಎಂದರೆ ಪರ್ಸಾನಿಫಿಕೇಶನ್. ಚೆನ್ನಾಗಿದೆ ತಂಗಿ, ಆದರೆ ಎಲ್ಲ ದೇಶದ ಕವಿಗಳೂ ಬಳಸಿ ಸವೆಸಿದ್ದಾರೆ."

"ಮೇಷ್ಟ್ರೇ, ನನ್ನದೂ ಒಂದು ವಾಕ್ಯ ನೋಡಿ," ಎಂದಿತು ಹಿಂದಿನಿಂದ ಒಂದು ವಿನಯದ ದನಿ. "ಈ ಹೊತ್ತಿನ ನನ್ನ ಊಟ ನೀವೇ."

ಗೊರವಂಕ ಹಿಗ್ಗಿತು. "ಅಪ್ಪಟ ಮೆಟಫರ್!"

"ಇಲ್ಲ ಮೇಷ್ಟ್ರೇ, ಇದರಲ್ಲಿ ಅಲಂಕಾರವೇ ಇಲ್ಲ," ಎಂದು ಬೆಕ್ಕು ಜಿಗಿಯಿತು.

ಅಷ್ಟು ವಿವರಿಸಿದ್ದರಿಂದ ಬೆಕ್ಕಿಗೆ ಅರೆಕ್ಷಣ ತಡವಾಯಿತು. ಅದರ ಬಾಯಿಗೆ ಬಾಲದ ಗರಿಗಳಷ್ಟೇ ಸಿಕ್ಕವು. ಗೊರವಂಕ ಕಿರುಚುತ್ತಾ ಮರದ ತುದಿಗೆ ಹಾರಿ ಕೂತಿತು.

ಅಳಿಲು ಓಡಿ ಬಂತು. ಪಾಪ ಎನಿಸಿದರೂ ಅದಕ್ಕೆ ಕೇಳದೆ ಇರಲಾಗಲಿಲ್ಲ. "ಅಣ್ಣ, ಬಾಲ ಕಿತ್ತುಹೋದರೆ ಇಂಗ್ಲಿಷಿನಲ್ಲಿ ಅದು ಯಾವ ಅಲಂಕಾರ?"

"ಅದು ಹಾಗಿರಲಿ ತಂಗಿ," ಎಂದಿತು ಗೊರವಂಕ, "ಮೊದಲು ಆ ಬೆಕ್ಕು ಎಲ್ಲಿದೆ ನೋಡಿ ಹೇಳು. ಇದ್ದದ್ದನ್ನು ಇದ್ದ ಹಾಗೇ ಹೇಳು."